ನಾಲ್ಕು ತಾಸಿನ ಹೃದಯ

ಬೆಳಗಾವಿಯಿಂದ ಬೆಂಗಳೂರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಐನೂರಾ ಹತ್ತು ಕಿಲೋಮೀಟರ್ ಎನ್ನುತ್ತೇನೆ. ಹುಬ್ಬಳ್ಳಿಯಲ್ಲಿ ಚಹಾ, ಚಿತ್ರದುರ್ಗದ ಹತ್ತಿರ ಊಟ, ತುಮಕೂರು ದಾಟಿದ ಮೇಲೆ ಟ್ರಾಫಿಕ್ಕು, ಎಲ್ಲ ಸೇರಿ ಹತ್ತು ತಾಸು. ಇಪ್ಪತ್ತಾರು ವರ್ಷದಿಂದ ಸಾರಿಗೆ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು, ಅದರಲ್ಲಿ ಆರು ವರ್ಷ ಬೆಂಗಳೂರು ರೂಟು. ದೂರದ ವಿಷಯದಲ್ಲಿ, ಹೊತ್ತಿನ ವಿಷಯದಲ್ಲಿ ಗಜಾನನನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು. ನಮ್ಮ ಖಾನಾಪುರ ಡಿಪೋದಲ್ಲಿ ನನ್ನ ಬಸ್ಸು ನೋಡಿ ಗಡಿಯಾರ ಹೊಂದಿಸಿಕೊಳ್ಳುತ್ತಾರೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಮೂರು ವರ್ಷದ ಹಿಂದೆ ಒಂದು ಗುರುವಾರ, ಬೆಳಗಾವಿಯ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಮೇಘಾ ಎಂಬ ಹುಡುಗಿ ನನಗೆ ಬೇರೆಯೇ ದೂರ ಹೇಳಿದಳು. ಆಕಾಶದಲ್ಲಿ ಹೋದರೆ ಬೆಂಗಳೂರು ನಾಲ್ಕುನೂರಾ ಐವತ್ತೇ ಕಿಲೋಮೀಟರ್, ವಿಮಾನಕ್ಕೆ ಒಂದು ತಾಸು ಚಿಲ್ಲರೆ. ಇಲ್ಲಿಂದ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಪೊಲೀಸರು ರಸ್ತೆ ಬಿಡಿಸಿಕೊಡುತ್ತಾರೆ. ಅಲ್ಲಿ ಇಳಿದ ಮೇಲೆ ಆ ಊರಿನ ಆಸ್ಪತ್ರೆಗೆ ಮತ್ತೆ ಮುಕ್ಕಾಲು ತಾಸು. ಮೈಯಿಂದ ಹೊರಗೆ ತೆಗೆದ ಹೃದಯ ನಾಲ್ಕು ತಾಸು ತಾಳುತ್ತದೆ, ಆದ್ದರಿಂದ ಹೊತ್ತು ಸಾಕಾಗುತ್ತದೆ ಎಂದಳು. ಆಸ್ಪತ್ರೆಯಲ್ಲಿ ಮನೆಯವರ ಜೊತೆ ಕುಳಿತು ಅಂಗದಾನದ ಬಗ್ಗೆ ಮಾತಾಡುವುದೇ ಅವಳ ನೌಕರಿ. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ ಇದ್ದೀತು, ಮಾತು ಮಾತ್ರ ಅಳೆದು ತೂಗಿ ಆಡುತ್ತಿದ್ದಳು.

ಅವಳು ಕೇಳುತ್ತಿದ್ದದ್ದು ನನ್ನ ತಮ್ಮ ಕಲ್ಮೇಶನ ಹೃದಯ. ಅವನಿಗೆ ಮೂವತ್ತಾರು ವರ್ಷ, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ. ಮಂಗಳವಾರ ಸಂಜೆ ಕಾಕತಿಯ ಮಾವನ ಮನೆಗೆ ಹೊರಟವನು ಹೈವೇ ಪಕ್ಕದ ಜಲ್ಲಿಯಲ್ಲಿ ಬೈಕು ಜಾರಿ ಬಿದ್ದ. ಹೆಲ್ಮೆಟ್ಟು ಕನ್ನಡಿಗೆ ನೇತು ಹಾಕಿದ್ದ, ಪೆಟ್ಟೆಲ್ಲ ತಲೆಗೇ ಬಿತ್ತು, ಮಗ್ಗುಲಲ್ಲಿ ಒಂದು ತರಚು ಗಾಯ ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಗುರುವಾರ ನಸುಕಿಗೆ ಡಾಕ್ಟರರು ಎರಡನೆಯ ಸಲ ಪರೀಕ್ಷೆ ಮಾಡಿ, ಮಿದುಳು ಸತ್ತುಹೋಗಿದೆ, ಉಸಿರಾಡಿಸುತ್ತಿರುವುದು ಯಂತ್ರ, ಇನ್ನು ತಿರುಗಿ ಬರುವ ಮಾತಿಲ್ಲ ಎಂದರು. ನಾನು ಒಳಗೆ ಹೋಗಿ ಅವನ ಎದೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಬಡಿತ ಅಂಗೈಗೆ ತಾಗುತ್ತಿತ್ತು. ಸತ್ತವನ ಎದೆ ಹೀಗೆ ಬಡಿಯುತ್ತದೇನು ಎಂದು ನರ್ಸಮ್ಮನನ್ನು ಗದರಿಸಿದೆ. ಆಕೆ ತಲೆ ತಗ್ಗಿಸಿ ತನ್ನ ಕೆಲಸ ಮಾಡಿಕೊಂಡಳು.

ಹೊರಗೆ ಕಲ್ಮೇಶನ ಹೆಂಡತಿ ಪೂನಮ ಗೋಡೆಗೆ ಆತು ಕುಳಿತಿದ್ದಳು. ಮೇಘಾ ಮಾತು ಮುಗಿಸುವ ಮೊದಲೇ ಅವಳು ತಲೆಯಾಡಿಸಿದ್ದಳು. ಫೌಂಡ್ರಿಯಲ್ಲಿ ರಕ್ತದಾನದ ಕ್ಯಾಂಪು ಇಟ್ಟಾಗಲೆಲ್ಲ ಮೊದಲು ಕೈ ಚಾಚುತ್ತಿದ್ದವನು ಅವನು, ಇದ್ದಿದ್ದರೆ ಹೂಂ ಎನ್ನುತ್ತಿದ್ದ ಎಂದಳು. ಆದರೆ ನಮ್ಮವ್ವ ಕಾಡವ್ವ ಒಪ್ಪಲಿಲ್ಲ. ಬೇಡ ಎಂದೂ ಅನ್ನಲಿಲ್ಲ, ಕೌಲ ಕೇಳಿ ಬಾ ಎಂದು ನನ್ನ ಮುಖ ನೋಡಿದಳು.

ಕೌಲ ಎಂದರೆ ಪಟ್ಟಣದವರು ನಕ್ಕಾರು. ನಮ್ಮ ಊರು ಕಣಕುಂಬಿಯಿಂದ ಇನ್ನೂ ಒಳಗೆ, ಕಾಡಿನೊಳಗಿನ ಮೂವತ್ತು ಮನೆ. ಹಿರಿಯರು ಎಮ್ಮೆ ಕಾಯ್ದವರು. ಅಲ್ಲಿ ಸಾತೇರಿ ತಾಯಿಯ ಗುಡಿಯಿದೆ. ಪೂಜಾರಿ ಹೂವಿನ ಎಸಳು ನೀರಿಗೆ ಅದ್ದಿ ತಾಯಿಯ ಕಲ್ಲಿಗೆ ಎಡಕ್ಕೊಂದು ಬಲಕ್ಕೊಂದು ಹಚ್ಚುತ್ತಾನೆ. ಕೇಳುವವರು ಕೇಳಬೇಕಾದ್ದನ್ನು ಕೇಳಿ ಎದುರಿಗೆ ಕೂರಬೇಕು. ಬಲಗಡೆಯದು ಮೊದಲು ಬಿದ್ದರೆ ತಾಯಿ ಹೂಂ ಎಂದಳು, ಎಡಗಡೆಯದು ಬಿದ್ದರೆ ಬೇಡ ಎಂದಳು. ನಮ್ಮ ಮನೆಯಲ್ಲಿ ಮದುವೆ ನಿಶ್ಚಯ, ಬಾವಿ ತೋಡುವ ಜಾಗ, ಎಮ್ಮೆ ಮಾರಾಟ ಯಾವುದೂ ಕೌಲ ಇಲ್ಲದೆ ನಡೆದದ್ದಿಲ್ಲ. ನನ್ನ ಡ್ರೈವರ್ ನೌಕರಿಗೂ ಅವ್ವ ಕೌಲ ಕೇಳಿಸಿದ್ದಳು.

ಹತ್ತೂವರೆಯೊಳಗೆ ಹೇಳಬೇಕು ಎಂದಳು ಮೇಘಾ. ಬೆಂಗಳೂರಿನ ಡಾಕ್ಟರರು ಮಧ್ಯಾಹ್ನದ ವಿಮಾನ ಹಿಡಿದು ಇಲ್ಲಿಗೆ ಬಂದು, ಸಂಜೆಯ ವಿಮಾನದಲ್ಲಿ ಹೃದಯ ತೆಗೆದುಕೊಂಡು ತಿರುಗಿ ಹೋಗಬೇಕು. ಅಲ್ಲಿ ಒಬ್ಬರು ದಾರಿ ಕಾಯುತ್ತಿದ್ದಾರೆ, ಯಾರು ಎಂದು ಹೇಳುವ ಹಾಗಿಲ್ಲ. ವಿಮಾನವೇ ತಡವಾದರೆ ಏನು ಮಾಡುತ್ತೀರಿ, ಮಂಜು ಬಿದ್ದರೆ ಏನು, ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿದರೆ ಏನು ಎಂದು ನಾನು ಒಂದೊಂದಾಗಿ ತೆಗೆದೆ. ಬಸ್ಸಿನವನಿಗೆ ಬರುವ ಪ್ರಶ್ನೆಗಳು ಅವು. ಮೇಘಾ ಬೇಸರವಿಲ್ಲದೆ ಉತ್ತರ ಹೇಳಿದಳು. ನಾಳೆ ಬೆಳಗಿನ ವಿಮಾನ ಆಗುವುದಿಲ್ಲವೇ ಎಂದೂ ಕೇಳಿದೆ. ಔಷಧದ ಬಲದಿಂದ ರಕ್ತದೊತ್ತಡ ಇಳಿಯದಂತೆ ಹಿಡಿದಿದ್ದೇವೆ, ಮೈ ಎಷ್ಟು ಹೊತ್ತು ತಾಳುತ್ತದೋ ಹೇಳಲಾಗದು, ನಾಳೆಯನ್ನು ನಂಬಬೇಡಿ ಎಂದು ಬಿಡಿಸಿ ಹೇಳಿದಳು. ಆಗ ಪೂನಮ ಎದ್ದು ಬಂದಳು.

"ಅತ್ತಿ ಮನಸ್ಸಿಗೆ ಸಮಾಧಾನಾ ಆಗ್ಲಿ. ಕೇಳಿ ಬರ್ರಿ ಭಾವಾ. ಆದ್ರ ಲಗೂ ಬರ್ರಿ."

ಬೆಳಿಗ್ಗೆ ಏಳಕ್ಕೆ ಬೈಕು ಹತ್ತಿದೆ. ಜಾಂಬೋಟಿ ದಾಟಿದರೆ ಫೋನು ಸತ್ತ ಹಾಗೆ, ಕಾಡಿನಲ್ಲಿ ಸಿಗ್ನಲ್ ಇಲ್ಲ. ಕೌಲ ಆದ ಕೂಡಲೇ ಜಾಂಬೋಟಿಗೆ ಬಂದು ಫೋನ್ ಮಾಡಬೇಕು, ಅದಕ್ಕೆ ಐವತ್ತು ನಿಮಿಷ ಹಿಡಿಯಬೇಕು ಎಂದು ದಾರಿಯಲ್ಲೇ ಎಣಿಸಿಕೊಂಡೆ. ಹೊತ್ತು ಧಾರಾಳವಾಗಿತ್ತು. ಆ ದಾರಿಯ ತಿರುವು ಒಂದೊಂದೂ ನನಗೆ ಗೊತ್ತು. ಅವತ್ತು ಮಾತ್ರ ಎದುರಿನಿಂದ ಬರುವ ಗಾಡಿಗಳು ಕಣ್ಣಿಗೆ ಬೀಳುತ್ತಿರಲಿಲ್ಲ, ಅಂಗೈಯಲ್ಲಿ ಅವನ ಎದೆ ಬಡಿಯುತ್ತಲೇ ಇತ್ತು. ತಾಯಿ ಬೇಡ ಎನ್ನಲಿ ಎಂದು ಬೇಡಿಕೊಳ್ಳುತ್ತಾ ಹೋದೆ. ಬೇಡ ಎಂದರೆ ಯಾರೂ ಅವನನ್ನು ಕೊಯ್ಯುವುದಿಲ್ಲ, ಯಂತ್ರ ನಡೆಯುತ್ತದೆ, ಎರಡು ದಿನ ಬಿಟ್ಟು ಕಣ್ಣು ಬಿಟ್ಟಾನು, ಯಾರು ಕಂಡಿದ್ದಾರೆ. ಡಾಕ್ಟರರು ಇಷ್ಟು ಬಿಡಿಸಿ ಹೇಳಿದ ಮೇಲೂ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಪೂಜಾರಿ ಈರಣ್ಣ ಕಾಕಾ ಹಲ್ಲುಜ್ಜಿ ಗುಡಿಯ ಬಾಗಿಲು ತೆಗೆಯುತ್ತಿದ್ದ. ನಮ್ಮಪ್ಪನ ವಾರಿಗೆಯವನು, ನಮ್ಮ ಅಣ್ಣ ತಮ್ಮ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿದವನು. ವಿಷಯ ಕೇಳಿ ಕಟ್ಟೆಯ ಮೇಲೆ ಕುಸಿದು ಕುಳಿತ. ಆಮೇಲೆ ಮಿಂದು ಬಂದು ದೀಪ ಹಚ್ಚಿ, ಎಸಳು ಹಚ್ಚಿದ. ನಾನು ಕೇಳಿದೆ: ತಾಯೀ, ನನ್ನ ತಮ್ಮನ ಹೃದಯ ಬೆಂಗಳೂರಿಗೆ ಕೊಟ್ಟು ಕಳಿಸಬೇಕೋ ಬೇಡವೋ.

ಕೇಳಿ ಕಣ್ಣು ಮುಚ್ಚುವಷ್ಟರಲ್ಲಿ ಬಲಗಡೆಯ ಎಸಳು ಬಿತ್ತು.

ನಾನು ವಾಚು ನೋಡಿದೆ. ಹೊತ್ತು ನೋಡುವುದು ಕೈಗೆ ಹತ್ತಿದ ಚಟ. ಎಂಟು ಐವತ್ತು. ಈರಣ್ಣ ಕಾಕಾ ಬಿದ್ದ ಎಸಳನ್ನು ಎತ್ತಿ ನನ್ನ ಕೈಗೆ ಹಾಕಲು ಬಂದ. ನಾನು ಕೈ ಒಡ್ಡಲಿಲ್ಲ. ಬಾಗಿಲು ತೆರೆದಿದೆ, ಗಾಳಿಗೆ ಬಿತ್ತು, ಇನ್ನೊಮ್ಮೆ ಹಚ್ಚು ಎಂದೆ. ಅವನು ಬಾಗಿಲ ಕಡೆ ನೋಡಿದ. ಹೊರಗೆ ಹಲಸಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಕೊಟ್ಟ ಮ್ಯಾಲೆ ಮತ್ತ ಕೇಳಬಾರದಪಾ ಗಜಾನನ. ಕೇಳಿದ್ರ ತಾಯಿ ಮಾತ ನಂಬಲಿಲ್ಲ ಅಂದಂಗ."

ನಾನು ಮನೆಯ ಹಿರಿಯ, ಕೇಳುವ ಹಕ್ಕು ನನ್ನದು ಎಂದು ದನಿ ಏರಿಸಿದೆ. ನನ್ನ ಸಿಟ್ಟಿಗೆ ಡಿಪೋ ಮ್ಯಾನೇಜರೇ ಹೆದರುತ್ತಾರೆ, ಎಂಬತ್ತು ವರ್ಷದ ಮುದುಕ ಏನು ಮಾಡಿಯಾನು. ಬಾಗಿಲು ಹಾಕಿ, ಹೊಸ ಎಸಳು ಅದ್ದಿ ಹಚ್ಚಿದ. ಅದೇ ಮಾತನ್ನು ಮತ್ತೆ ಕೇಳಿದೆ.

ಈ ಸಲ ಯಾವುದೂ ಬೀಳಲಿಲ್ಲ. ಎಸಳು ಹಚ್ಚಿದ ಮೇಲೆ ಕೇಳಿದವರು ಎದ್ದು ಹೋಗಬಾರದು ಎಂಬುದು ನಮ್ಮ ಕಡೆಯ ನೇಮ. ಅದೇ ನೇಮವನ್ನು ಹಿಡಿದು ನಾನು ಕುಳಿತೆ. ಒಂಬತ್ತೂವರೆಗೆ ಈರಣ್ಣ ಕಾಕಾ, ಮೊದಲಿನದೇ ಖರೇ, ನೀನು ಹೋಗು, ನೇಮದ ತಪ್ಪು ನನ್ನ ತಲೆಗಿರಲಿ ಎಂದ. ಒಂಬತ್ತೂ ನಲವತ್ತಾಯಿತು. ಆಗ ಎದ್ದಿದ್ದರೂ ಜಾಂಬೋಟಿಗೆ ಮುಟ್ಟಿ ಫೋನ್ ಮಾಡಲು ಹೊತ್ತಿತ್ತು. ಅದೇ ಕೊನೆಯ ನಿಮಿಷ ಎಂದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ನಾನು ತಾಯಿಯ ಕಲ್ಲನ್ನೇ ನೋಡುತ್ತಾ ಕುಳಿತಿದ್ದೆ. ಹತ್ತೂವರೆ ದಾಟಿದಾಗ ಎದೆ ಹಗುರಾಯಿತು. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆಯೇ. ಹನ್ನೆರಡರ ಸುಮಾರಿಗೆ ಎದ್ದು ಬೈಕಿನ ಕಡೆ ನಡೆದೆ. ಮೊದಲನೆಯ ಎಸಳಿನ ಮಾತು ಯಾರ ಹತ್ತಿರವೂ ತೆಗೆಯಬೇಡ ಎಂದು ಈರಣ್ಣ ಕಾಕಾನ ಕಾಲು ಮುಟ್ಟಿದೆ.

ಜಾಂಬೋಟಿಯಲ್ಲಿ ಫೋನು ಜೀವ ಬಂದ ಕೂಡಲೇ ಬಡಿದುಕೊಳ್ಳತೊಡಗಿತು. ಪೂನಮಳದು ಹನ್ನೊಂದು ಸಲ, ಮೇಘಾಳದು ನಾಲ್ಕು ಸಲ ಬಂದಿತ್ತು. ಪೂನಮಳಿಗೆ ಫೋನ್ ಹಚ್ಚಿ, ಕೌಲ ಬೀಳಲಿಲ್ಲ ಎಂದೆ. ಎರಡನೆಯದು ಬೀಳಲಿಲ್ಲ ಎಂಬುದು ನಿಜವೇ ತಾನೆ. ಆ ಅರ್ಧ ನಿಜದ ಮೇಲೆ ನಾನು ಮೂರು ವರ್ಷ ಬದುಕಿದೆ.

ಅವತ್ತು ಸಂಜೆ, ವಿಮಾನ ಸಾಂಬ್ರಾದಿಂದ ಹೊರಟು ಹೋದ ಮೇಲೆ, ಪೂನಮ ಆಸ್ಪತ್ರೆಯ ವರಾಂಡದಲ್ಲಿ ನನ್ನ ಮುಂದೆ ಬಂದು ನಿಂತಳು. ತಾಯಿ ಹೂಂ ಅನ್ನಲಿಲ್ಲ, ಹಾಗೆಂದು ಬೇಡ ಎಂದೂ ಅನ್ನಲಿಲ್ಲ, ತಾನು ಸಹಿ ಮಾಡುವುದಾಗಿ ಹೇಳಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ತಾಯಿ ಬೆಳಿಗ್ಗೆಯೇ ಹೂಂ ಅಂದಿದ್ದಾಳೆ ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ಆ ಇಡೀ ಹಗಲು ನನ್ನ ಕೊರಳಿಗೆ ಬೀಳುತ್ತಿತ್ತು. ನಿನಗೆ ಸರಿ ಕಂಡ ಹಾಗೆ ಮಾಡು ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಚಹಾ ಕುಡಿಯಲು ಕೆಳಗಿಳಿದೆ. ಪೂನಮ ಸಹಿ ಮಾಡಿದಳು. ಬೆಂಗಳೂರಿನ ಡಾಕ್ಟರರು ಮರುದಿನ ಬೆಳಗಿನ ಮೊದಲ ವಿಮಾನಕ್ಕೆ ಟಿಕೀಟು ತೆಗೆಸಿದರು.

ಅವರು ವಿಮಾನ ಹತ್ತುವ ಮೊದಲೇ, ಬೆಳಿಗ್ಗೆ ಐದೂ ನಲವತ್ತಕ್ಕೆ, ಕಲ್ಮೇಶನ ಹೃದಯ ನಿಂತಿತು. ಎಷ್ಟು ಔಷಧ ಕೊಟ್ಟರೂ ಏಳಲಿಲ್ಲ. ಕಣ್ಣುಗಳನ್ನು ಮಾತ್ರ ತೆಗೆದುಕೊಂಡರು. ಮೇಘಾ ನಮಗೆ ಕೈ ಮುಗಿದು, ನೀವು ಒಪ್ಪಿದ್ದೇ ದೊಡ್ಡದು ಎಂದಳು. ಬೆಂಗಳೂರಿನಲ್ಲಿ ದಾರಿ ಕಾಯುತ್ತಿದ್ದವರು ಏನಾದರು ಎಂದು ನಾನು ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರೆ ಅವರು ಕೂತಿದ್ದು ಖಾತ್ರಿಯಾಗುವವರೆಗೆ ನಾನು ಗೇರು ಹಾಕುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ಬಂಧು ಬಳಗ ಎಲ್ಲ ಅಂಗಳದಲ್ಲಿ ಇದ್ದಾಗಲೇ ಅವ್ವ ಪೂನಮಳಿಗೆ ಹೇಳಿದಳು.

"ತಾಯಿ ಹೂಂ ಅನ್ನೂಕ ಮೊದಲ ನೀ ಸಹಿ ಮಾಡಿದಿ. ಅದಕ್ಕ ಆಕಿ ನನ್ನ ಮಗನ ಹೃದಯಾ ನಿಂದರ್ಸಿದ್ಲು."

ನಾನು ಅಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ, ಕಾಲು ತೊಳೆದುಕೊಳ್ಳುತ್ತಿದ್ದೆ. ಪೂನಮ ಆರು ವರ್ಷದ ಮಗಳು ಸಪ್ನಾಳನ್ನು ಎತ್ತಿಕೊಂಡು ಒಳಗೆ ಹೋದಳು. ಅವ್ವ ಹೋದ ವರ್ಷ ತೀರಿಕೊಂಡಳು, ಅದೇ ನಂಬಿಕೆಯಲ್ಲಿ. ಅವಳಿಗಂತೂ ನಾನು ಇನ್ನು ಏನೂ ಹೇಳಲಾರೆ.

ಪೂನಮ ಸದಾಶಿವನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆ ಕೆಲಸಕ್ಕೆ ಸೇರಿ ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದಳು. ಮುಂದಿನ ಅಮಾವಾಸ್ಯೆಗೆ ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಹತ್ತಿದಳು. ಅಷ್ಟು ಹೊತ್ತಿಗೆ ನನ್ನ ಡ್ಯೂಟಿ ಬೆಳಗಾವಿಯಿಂದ ನಮ್ಮ ಊರಿಗೆ ಹೋಗಿ ಬರುವ ಬಸ್ಸಿಗೆ ಬಿದ್ದಿತ್ತು. ಕೈಯಲ್ಲಿ ಎಣ್ಣೆಯ ಬಾಟಲಿ, ತೆಂಗಿನಕಾಯಿ. ಎಲ್ಲಿಗೆ ಎಂದರೆ, ಸಾತೇರಿ ತಾಯಿಗೆ ತಪ್ಪಾಯಿತು ಎಂದು ಹೇಳಿ ಬರುತ್ತೇನೆ ಎಂದಳು. ಅಂದಿನಿಂದ ಒಂದು ಅಮಾವಾಸ್ಯೆಯೂ ತಪ್ಪಿಸಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಂಡಕ್ಟರ್ ಸೊನ್ನೆಯ ಟಿಕೀಟು ಹರಿದುಕೊಡುತ್ತಾನೆ. ನನ್ನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ನಾನು ಮಾಡಿದ ತಪ್ಪಿಗೆ ಅವಳು ಕ್ಷಮೆ ಕೇಳಲು ಹೋಗುವುದು, ಕರೆದೊಯ್ಯುವವನು ನಾನು. ಮೂವತ್ತೈದು ಸಲ ಕರೆದೊಯ್ದಿದ್ದೇನೆ. ಮೂವತ್ತೈದು ಸಲವೂ ಹೇಳಬೇಕು ಎಂದುಕೊಂಡೇ ಸ್ಟೇರಿಂಗ್ ಹಿಡಿದಿದ್ದೇನೆ. ಒಮ್ಮೆ ಮಳೆ ನೆಪ, ಒಮ್ಮೆ ಬಸ್ಸಿನಲ್ಲಿ ಊರ ಮಂದಿ ಇದ್ದಾರೆ ಎಂಬ ನೆಪ. ಅವ್ವ ಬದುಕಿದ್ದಾಗ ಅವ್ವನ ನೆಪ, ಅವ್ವ ಹೋದ ಮೇಲೆ ಇನ್ನೇಕೆ ಎಂಬ ನೆಪ.

ಹೋದ ತಿಂಗಳ ಅಮಾವಾಸ್ಯೆಗೆ ಅವಳು ಎಣ್ಣೆಯ ಜೊತೆಗೆ ಹೂವನ್ನೂ ತಂದಿದ್ದಳು. ಇವತ್ತು ಕೌಲ ಕೇಳುವುದಿದೆ, ನೀವೂ ಬರಬೇಕು ಎಂದಳು. ಹಾಸ್ಟೆಲಿನವರು ಅವಳನ್ನು ಅಡಿಗೆಮನೆಯ ಮುಖ್ಯಸ್ಥೆ ಮಾಡುತ್ತೇವೆ, ಆದರೆ ರಜೆ ಕೇಳಬಾರದು ಎಂದಿದ್ದರಂತೆ. ಮೂರು ವರ್ಷ ಬಂದದ್ದು ಸಾಕೋ, ತಾಯಿ ಕ್ಷಮಿಸಿದ್ದಾಳೋ, ಅವಳ ಬಾಯಿಂದಲೇ ಕೇಳಿಕೊಂಡು ಹೋಗುತ್ತೇನೆ ಎಂದಳು. ಹೂಂ ಎಂದರೆ ಹೊಸ ಕೆಲಸ, ಇಲ್ಲವೆಂದರೆ ಸಾಯುವ ತನಕ ಅಮಾವಾಸ್ಯೆ ತಪ್ಪಿಸುವುದಿಲ್ಲ ಎಂದಳು. ಜಾಂಬೋಟಿಯ ಸಂತೆಗೆ ಹೋಗುವುದನ್ನು ಹೇಳುವಷ್ಟೇ ಸರಳವಾಗಿ ಹೇಳಿದಳು.

ಬಸ್ಸು ತಿರುಗುವ ಜಾಗದಿಂದ ಗುಡಿಗೆ ಹತ್ತು ನಿಮಿಷದ ಕಾಲುದಾರಿ. ನಮ್ಮ ಹಾಲ್ಟು ನಲವತ್ತು ನಿಮಿಷ. ಈರಣ್ಣ ಕಾಕಾ ಈಗ ಕೋಲು ಹಿಡಿದು ನಡೆಯುತ್ತಾನೆ. ಪೂನಮ ಏನು ಕೇಳಬೇಕೆಂದಿದ್ದಾಳೆ ಎಂದು ತಿಳಿದು ಅವನು ನನ್ನ ಕಡೆ ಒಮ್ಮೆ ನೋಡಿದ. ಮೂರು ವರ್ಷದಲ್ಲಿ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಎಸಳು ಹಚ್ಚಿದ. ಪೂನಮ ಕೈ ಮುಗಿದು ಕುಳಿತು, ನಿನ್ನ ಮಾತು ಮೀರಿದೆ, ಇನ್ನಾದರೂ ಕ್ಷಮಿಸಿದ್ದೀಯೇನು ತಾಯೀ ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

ಎಸಳು ಬೀಳಲಿಲ್ಲ. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು. ಬಸ್ಸಿನ ಕಡೆಯಿಂದ ಕಂಡಕ್ಟರ್ ಸೀಟಿ ಊದಿದ. ಪೂನಮಳ ಕಣ್ಣಿಂದ ನೀರು ಇಳಿಯತೊಡಗಿತು, ಆದರೂ ಕಣ್ಣು ತೆರೆಯಲಿಲ್ಲ. ಬಲಗಡೆಯದು ತಾನಾಗಿ ಬಿದ್ದುಬಿಡಲಿ, ಅವಳ ಭಾರ ಇಳಿಯಲಿ, ನಾನು ಬಾಯಿ ತೆರೆಯುವುದು ತಪ್ಪಲಿ ಎಂದು ನಾನು ಬೇಡುತ್ತಿದ್ದೆ. ಅಂಥ ಹೊತ್ತಿನಲ್ಲೂ ನನಗೆ ನನ್ನದೇ ಚಿಂತೆ. ಆಗ ಈರಣ್ಣ ಕಾಕಾ ಕಲ್ಲಿನ ಕಡೆಗೆ ಮುಖ ಮಾಡಿಕೊಂಡೇ ಹೇಳಿದ.

"ತಾಯಿ ಇದಕ್ಕ ಉತ್ತರಾ ಕೊಡಾಂಗಿಲ್ಲವಾ. ಇದು ಆಕೀಗೆ ಕೇಳೂ ಮಾತಲ್ಲ."

ಯಾರಿಗೆ ಕೇಳುವ ಮಾತು ಎಂದು ಅವನು ಹೇಳಲಿಲ್ಲ. ಪೂನಮ ಕಣ್ಣು ತೆರೆದು ಅವನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಗೋಡೆ ಹಿಡಿದು ಎದ್ದು ನಿಂತೆ. ಕೌಲ ಬಿದ್ದಿತ್ತು ಎಂದೆ. ಅವತ್ತು ಬಲಗಡೆಯ ಎಸಳು ಮೊದಲ ಸಲಕ್ಕೇ ಬಿತ್ತು, ತಾಯಿ ಹೂಂ ಎಂದಿದ್ದಳು, ನಾನೇ ನಂಬದೆ ಮತ್ತೆ ಹಚ್ಚಿಸಿ, ಎದ್ದು ಬರಲು ಮನಸ್ಸಾಗದೆ ಹನ್ನೆರಡರ ತನಕ ಕುಳಿತೆ ಎಂದೆ. ಇಪ್ಪತ್ತೈದು ಮಾತೂ ಇರಲಿಲ್ಲ ಅದು. ಇಷ್ಟಕ್ಕೆ ಮೂರು ವರ್ಷ ಹಿಡಿದಿತ್ತು.

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಎಷ್ಟ ಗಂಟೇಕ ಬಿತ್ರಿ?"

"ಎಂಟೂ ಐವತ್ತಕ್ಕ."

"ವ್ಯಾಳ್ಯಾ ಇತ್ತು."

"ಇತ್ತವಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತಂದ ಎಣ್ಣೆಯನ್ನು ದೀಪಕ್ಕೆ ಸುರಿದಳು, ಖಾಲಿ ಬಾಟಲಿಯ ಬಿರಡೆ ಹಾಕಿ ಚೀಲದಲ್ಲಿಟ್ಟುಕೊಂಡಳು. ಈರಣ್ಣ ಕಾಕಾನ ಕಾಲಿಗೆ ಬಿದ್ದು ಎದ್ದಳು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿದಳು.

"ಸಪ್ನಾ ಹೋದ ವರ್ಷ ಕೇಳಿದ್ಲು, ಅಪ್ಪ ಹೆಂಗ ಸತ್ತಾ ಅಂತ. ಅಪ್ಪನ ಹೃದಯಾ ನಿಂದರ್ಸಿದಾಕಿ ನಾನ ಅಂತ ಹೇಳೇನ್ರಿ ಆಕಿಗೆ. ಇವತ್ತ ನೀವ ಬಂದ ಹೇಳ್ರಿ. ನಾ ಹೇಳಿದ್ರ, ನನ್ನ ಸಮಾಧಾನಕ್ಕ ಹೇಳಾಕತ್ತೇನಿ ಅಂತಾಳ."

ಬಸ್ಸು ಇಪ್ಪತ್ತೈದು ನಿಮಿಷ ತಡವಾಗಿ ಹೊರಟಿತು. ನನ್ನ ಸರ್ವಿಸಿನಲ್ಲಿ ಅಂಥದ್ದು ಆಗಿರಲಿಲ್ಲ, ಕಂಡಕ್ಟರ್ ಏನೋ ಕೇಳುವಷ್ಟರಲ್ಲಿ ಗೇರು ಹಾಕಿದೆ. ಪೂನಮ ನನ್ನ ಹಿಂದಿನ ಸೀಟು ಬಿಟ್ಟು ಕೊನೆಯ ಸಾಲಿಗೆ ಹೋಗಿ ಕುಳಿತಳು. ಕನ್ನಡಿಯಲ್ಲಿ ಕಾಣುತ್ತಾಳೇನೋ ಎಂದು ಎರಡು ಮೂರು ಸಲ ನೋಡಿದೆ. ಕಣಕುಂಬಿಯಲ್ಲಿ ಹತ್ತಿದ ಮಂದಿಯ ತಲೆಗಳು ಅಡ್ಡ ಬಂದವು. ಆಮೇಲೆ ನೋಡುವುದನ್ನು ಬಿಟ್ಟು ರಸ್ತೆ ನೋಡಿಕೊಂಡೆ.

ಬೆಳಗಾವಿಯಲ್ಲಿ ಬಸ್ಸು ನಿಲ್ಲಿಸಿ, ಟ್ರಿಪ್ ಶೀಟು ಕಂಡಕ್ಟರನ ಕೈಗೆ ಕೊಟ್ಟು, ಅವಳ ಹಿಂದೆ ನಡೆದೆ. ದಾರಿಯಲ್ಲಿ ಸಪ್ನಾಳಿಗೆ ಏನಾದರೂ ತಿನ್ನಲು ಕೊಳ್ಳೋಣ ಎಂದು ಒಂದು ಬೇಕರಿಯ ಮುಂದೆ ನಿಂತೆ. ಪೂನಮ ನಿಲ್ಲಲಿಲ್ಲ, ನಾನೂ ಕೊಳ್ಳದೆ ಮುಂದೆ ಹೋದೆ. ಲಂಚ ಕೊಟ್ಟ ಹಾಗಾಗುತ್ತಿತ್ತು ಎಂದು ಆಮೇಲೆ ಅನಿಸಿತು. ಆಗ ಸಂಜೆ ಐದು ಗಂಟೆ ಇರಬೇಕು. ಸಪ್ನಾ ಶಾಲೆಯಿಂದ ಬಂದು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಈಗ ಅವಳಿಗೆ ಒಂಬತ್ತು. ಹುಬ್ಬು ಥೇಟು ಕಲ್ಮೇಶನದೇ. ದೊಡ್ಡಪ್ಪ ಬಂದ ಎಂದು ಎದ್ದಳು. ಅವರವ್ವನ ಮುಖ ನೋಡಿ ಬಟ್ಟಲು ಕೆಳಗಿಟ್ಟಳು.

ಒಂಬತ್ತು ವರ್ಷದ ಕೂಸಿಗೆ ಹೇಗೆ ಹೇಳುವುದೆಂದು ನನಗೆ ಯಾರೂ ಕಲಿಸಿರಲಿಲ್ಲ. ನಿಂತಲ್ಲಿಂದಲೇ ಶುರು ಮಾಡಿದೆ. ನಿಮ್ಮಪ್ಪನ ಹೃದಯ ಬೆಂಗಳೂರಿನಲ್ಲಿ ಒಬ್ಬರಿಗೆ ಬೇಕಾಗಿತ್ತು, ನಿಮ್ಮವ್ವ ಅವತ್ತು ಬೆಳಿಗ್ಗೆಯೇ ಕೊಡೋಣ ಎಂದಳು, ಸಾತೇರಿ ತಾಯಿಯೂ ಕೊಡಿರಿ ಎಂದಳು, ವಿಮಾನವೂ ಇತ್ತು, ಹೊತ್ತೂ ಇತ್ತು. ನಾನು ಸುದ್ದಿ ತರದೆ ಗುಡಿಯಲ್ಲಿ ಕುಳಿತೆ, ಬಂದ ಮೇಲೆ ಸುಳ್ಳು ಹೇಳಿದೆ. ನನ್ನಿಂದ ಒಂದು ದಿನ ತಡವಾಯಿತು, ಅಷ್ಟರಲ್ಲಿ ಅದು ತಾನಾಗಿ ನಿಂತುಹೋಯಿತು.  ಕೊನೆಗೆ, ತಪ್ಪು ನನ್ನದು, ನಿಮ್ಮವ್ವನದು ಏನೂ ಇಲ್ಲ ಎಂದೆ.

 ಸಪ್ನಾ ನೋಡುತ್ತಿದ್ದದ್ದು ಅವರವ್ವನನ್ನು.

"ಹಂಗಾರ ನಿಂದರ್ಸಿದಾಕಿ ನೀ ಅಲ್ಲೇನವ್ವಾ?"

ಪೂನಮ ಅಲ್ಲ ಎಂದು ತಲೆಯಾಡಿಸಿದಳು. ಹುಡುಗಿ ಎರಡೇ ಹೆಜ್ಜೆಯಲ್ಲಿ ಹೋಗಿ ಅವಳ ಹೊಟ್ಟೆಗೆ ಮುಖ ಒತ್ತಿದಳು, ಇಬ್ಬರೂ ಹಾಗೇ ನೆಲಕ್ಕೆ ಕುಳಿತರು.  ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕುಂದರ್ರಿ ಎಂದು ಯಾರೂ ಅನ್ನಲಿಲ್ಲ.